ಸಭೇಲಿ ಎಲ್ರೂ ಬೇಡ ಅಂದ್ರು, ಆದ್ರೂ ಕೆಲ್ಸ ನಿಲ್ಲಲ್ಲ ಯಾಕೆ? ಪರಿಸರ ಆಲಿಕೆ ಸಭೆಯ ಹಿಂದಿನ ಕಥೆ

2025ರ ಆಗಸ್ಟ್‌ನಲ್ಲಿ ಅಂಕೋಲಾದಲ್ಲಿ ಕೇಣಿ ಬಂದರಿಗೆ ಅಂತ ಒಂದು ಪರಿಸರ ಆಲಿಕೆ ಸಭೆ ಆಯ್ತು, ಅಂದ್ರೆ ಯೋಜನೆಗೆ ಪರಿಸರ ಅನುಮತಿ ಕೊಡೋಕೆ ಮುಂಚೆ ಊರವರ ಅಭಿಪ್ರಾಯ ಕೇಳೋ ಸಭೆ. ಸೆಪ್ಟೆಂಬರ್‌ನಲ್ಲಿ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ (ನೀರನ್ನ ಮೇಲೆತ್ತಿಟ್ಟು, ಬೇಕಾದಾಗ ಕೆಳಗೆ ಬಿಟ್ಟು ಕರೆಂಟು ಮಾಡೋದು) ಕಾರ್ಗಲ್‌ನಲ್ಲೊಂದು, ಗೇರುಸೊಪ್ಪದ ಕಡೆ ಇನ್ನೊಂದು. ಮೂರೂ ಕಡೆ ಜನ ಜಮಾಯಿಸಿದ್ರು, ಮೈಕ್ ಹಿಡಿದವರಲ್ಲಿ ಹೆಚ್ಚಿನವರು ಬೇಡ ಅಂದ್ರು. ಅದಾದ್ಮೇಲೆ ನಮ್ಮ ಕಡೆ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದೇ ಪ್ರಶ್ನೆ, 'ಎಲ್ರೂ ಬೇಡ ಅಂದ್ರಲ್ಲ, ಹಾಗಾದ್ರೆ ಕ್ಯಾನ್ಸಲ್ ಆಯ್ತಾ?' ಇಲ್ಲ, ಸಭೇಲಿ ಬೇಡ ಅಂದ ಮಾತ್ರಕ್ಕೆ ಕ್ಯಾನ್ಸಲ್ ಆಗಲ್ಲ. ಹಂಗಂತ ಸಭೆ ಮುಗಿದ ಕೂಡ್ಲೆ ಪಾಸೂ ಆಗಲ್ಲ. 'ಮತ್ತೆ ಸಭೆ ಯಾಕ್ ಮಾಡಿದ್ರು?' ಅಂತ ಅದರ ಕೆಳಗೇ ಇನ್ನೊಬ್ರು ಕೇಳಿದ್ರು. ಇದಕ್ಕೆ ಒಂದು ಲೈನಲ್ಲಿ ಉತ್ರ ಕೊಡೋಕಾಗಲ್ಲ, ಅದಕ್ಕೇ ಇಷ್ಟುದ್ದ ಬರೀತಿರೋದು.

ಮೊದಲು ಕೇಳೋ ಪದ್ಧತಿನೇ ಇರ್ಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗೀತು, ನೀರು ಬಂತು, ಊರು ಮುಳುಗ್ತು, ಜನರನ್ನ ಲಾರಿಗೆ ಹತ್ತಿಸಿ ಶಿವಮೊಗ್ಗ ಭದ್ರಾವತಿ ಕಡೆ ಕಾಡಲ್ಲಿ ಇಳಿಸಿದ್ರು ಅನ್ನೋದನ್ನ ಸಾಗರ ತಾಲೂಕಿನ ಯಾವ ಹಳೇ ಮನೆಗೆ ಹೋದ್ರೂ ಕೇಳಬಹುದು. ಮುಳುಗಡೆ ಸಂತ್ರಸ್ತರ ಹಕ್ಕುಪತ್ರದ ಗಲಾಟೆ ಇನ್ನೂ ಬಗೆಹರಿದಿಲ್ಲ. ಹಿನ್ನೀರಿನ ಆಚೆ ಉಳಿದವರಿಗೆ ಸಿಗಂದೂರು ಸೇತುವೆ ಉದ್ಘಾಟನೆ ಆಗಿದ್ದು 2025ರ ಜುಲೈ 14ಕ್ಕೆ. ಅಂದ್ರೆ ಅರವತ್ತು ವರ್ಷ ಲಾಂಚಲ್ಲೇ ಓಡಾಡಿದ್ರು. ಸೇತುವೆ ಆಗಿ ಎರಡು ತಿಂಗಳಿಗೆ ಅದೇ ತಾಲೂಕಲ್ಲಿ, ಅದೇ ನದಿಗೆ ಇನ್ನೊಂದು ಯೋಜನೆ ಮಾಡ್ತೀವಿ, ನಿಮ್ಮ ಅಭಿಪ್ರಾಯ ಹೇಳಿ ಅಂತ ಶಾಮಿಯಾನ ಎದ್ದಿತ್ತು. ಅಲ್ಲಿ ಮಾತಾಡಿದವರಿಗೆ ಸಿಟ್ಟು ಎಲ್ಲಿಂದ ಬಂತು ಅಂತ ಬೇರೆ ಹೇಳೋದೇನು ಬೇಡ.

ಸರ್ಕಾರ ಕೇಳದಿದ್ರೂ ಜನಾನೇ ಕೂತು ಲೆಕ್ಕ ಹಾಕಿದ ಒಂದು ಸಲ ಇದೆ, ಅದನ್ನ ಮರೀಬಾರ್ದು. 1981ರಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆ ಮೇಲೆ ಶಿರಸಿಯಲ್ಲಿ ವಿಚಾರ ಸಂಕಿರಣ ನಡೀತು. ನಡೆಸಿದ್ದು ಸರ್ಕಾರ ಅಲ್ಲ, ಅಡಿಕೆ ಬೆಳೆಗಾರರ ಸಹಕಾರಿ ಸಂಘ! ವಿಜ್ಞಾನಿಗಳನ್ನ ಕರೆಸಿ, ಮುಳುಗೋ ತೋಟ ಎಷ್ಟು, ಕಾಡು ಎಷ್ಟು, ಬರೋ ಕರೆಂಟೆಷ್ಟು ಅಂತ ತಕ್ಕಡಿಗೆ ಹಾಕಿ ನೋಡಿದ್ರು. ಯೋಜನೆ ಕೈಬಿಟ್ಟರು. ನಂಗನ್ಸೋ ಪ್ರಕಾರ ಈ ರಾಜ್ಯದಲ್ಲಿ ನಡೆದ ಅತಿ ಒಳ್ಳೆ 'ಆಲಿಕೆ ಸಭೆ' ಅದೇ, ಅದೂ ಆಲಿಕೆ ಸಭೆ ಅನ್ನೋ ಕಾನೂನು ಬರೋಕೆ ಹದಿನಾರು ವರ್ಷ ಮುಂಚೆ. ಇತ್ತ ಕಾರವಾರದ ಸೀಬರ್ಡ್ ನೌಕಾನೆಲೆ, ಕೈಗಾ ಅಣುವಿದ್ಯುತ್ ಸ್ಥಾವರ ಎರಡೂ ಆ ಎಂಬತ್ತರ ದಶಕದಲ್ಲೇ ಬಂದವು, ಕೈಗಾ ವಿರೋಧಕ್ಕೆ ಶಿವರಾಮ ಕಾರಂತರು ಬೀದಿಗಿಳಿದ್ರು, 1989ರಲ್ಲಿ ಲೋಕಸಭೆ ಎಲೆಕ್ಷನ್ನಿಗೂ ನಿಂತು ಸೋತ್ರು. ಯೋಜನೆಗಳು ಮಾತ್ರ ನಿಲ್ಲಲಿಲ್ಲ.

ಭೋಪಾಲ್ ಅನಿಲ ದುರಂತ ಆದ್ಮೇಲೆ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು, ಅದರ ಕೆಳಗೆ 1994ರ ಜನವರಿಯಲ್ಲಿ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆ, ಎಲ್ರೂ ಇಐಎ ಅಂತಾರಲ್ಲ ಅದು. ಜನರನ್ನ ಕೇಳೋದು ಕಡ್ಡಾಯ ಅಂತ ಸೇರಿಸಿದ್ದು 1997ರ ಏಪ್ರಿಲ್ ತಿದ್ದುಪಡಿಯಲ್ಲಿ. ಆಮೇಲೆ 2006ರ ಸೆಪ್ಟೆಂಬರ್ 14ಕ್ಕೆ ಹಳೇದನ್ನ ತೆಗೆದು ಹೊಸ ಅಧಿಸೂಚನೆ ತಂದ್ರು, ಈಗ ನಡೀತಿರೋದು ಅದರ ಮೇಲೆ, ನಡುವೆ ತೇಪೆ ಹಚ್ಚಿದ್ದು ಎಷ್ಟೋ.

ಈ 1997ಕ್ಕೂ 2006ಕ್ಕೂ ಇರೋ ವ್ಯತ್ಯಾಸ ನೋಡಿದ್ರೆ ಅರ್ಧ ಕಥೆ ತಿಳಿಯುತ್ತೆ. 1997ರ ನಿಯಮದ ಪ್ರಕಾರ ವೇದಿಕೆ ಮೇಲೆ ಡಿಸಿ ಜೊತೆಗೆ ಪಂಚಾಯ್ತಿ ಪುರಸಭೆ ಕಡೆಯಿಂದ ಮೂರು ಜನದವರೆಗೆ, ಊರಿನ ಹಿರಿಯರು ಮೂರು ಜನದವರೆಗೆ ಕೂರಬಹುದಿತ್ತು. ಕೇಳೋ ಕಡೆನೂ ಊರವರು ಇರ್ತಿದ್ರು. 2006ರಲ್ಲಿ ಅವರನ್ನೆಲ್ಲ ಕೆಳಗೆ ಕುರ್ಚಿಗೆ ಕಳಿಸಿ, ಡಿಸಿ ಅಥವಾ ಅಪರ ಡಿಸಿ ಮಟ್ಟದ ಒಬ್ಬ ಅಧಿಕಾರಿ, ಪಕ್ಕದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯವರು, ಇಷ್ಟೇ ಸಾಕು ಅಂತಾಯ್ತು. ಸಭೇಲಿ ಮಾತಾಡೋಕೆ ಅವಕಾಶ 'ಸ್ಥಳೀಯ ಬಾಧಿತರಿಗೆ', ಹೊರಗಿನವರು ಬೇಕಾದ್ರೆ ಬರವಣಿಗೆಯಲ್ಲಿ ಕೊಡ್ಲಿ ಅಂತ. ಅದಕ್ಕೇ ಈಗ ಯಾವ ಸಭೆಗೆ ಹೋದ್ರೂ ಮೈಕ್ ಮುಂದೆ ನಿಂತ ಕೂಡ್ಲೆ ಹಿಂದಿನಿಂದ ಒಬ್ಬ 'ನೀವ್ ಯಾವೂರ್ನೋರು ಸ್ವಾಮಿ?' ಅಂತ ಕೂಗೋದು.

ನಿಯಮ ಓದ್ತಾ ಹೋದ್ರೆ ಒಳ್ಳೊಳ್ಳೆ ಮಾತೂ ಇವೆ. ಮೂವತ್ತು ದಿನ ಮುಂಚೆ ನೋಟಿಸ್ ಕೊಡ್ಬೇಕು, ಒಂದು ರಾಷ್ಟ್ರೀಯ ಪೇಪರು ಒಂದು ಪ್ರಾದೇಶಿಕ ಪೇಪರಲ್ಲಿ ಹಾಕ್ಬೇಕು, ಪೇಪರ್ ಹೋಗದ ಊರಾದ್ರೆ ಡಂಗುರ ಹೊಡೆಸ್ಬೇಕು. ನಿಜವಾಗ್ಲೂ ಡಂಗುರ ಅಂತಾನೇ ಇದೆ, ತಮಾಷೆ ಅಲ್ಲ. ಪೂರ್ತಿ ಸಭೆ ವಿಡಿಯೋ ಆಗ್ಬೇಕು. ಬಂದವರ ಹಾಜರಿ ಬರ್ಕೋಬೇಕು. ಕೊನೆಗೆ ಯಾರ್ಯಾರು ಏನೇನು ಹೇಳಿದ್ರು ಅಂತ ಅಲ್ಲೇ ಕನ್ನಡದಲ್ಲಿ ಓದಿ ಹೇಳ್ಬೇಕು, ಆ ನಡಾವಳಿ ಪಂಚಾಯ್ತಿ ಆಫೀಸಲ್ಲಿ ಅಂಟಿಸ್ಬೇಕು. ಅದರ ಜೊತೆಗೇ ಇನ್ನೊಂದು ಲೈನಿದೆ, ಸಭೆ ಶುರು ಮಾಡೋಕೆ ಇಷ್ಟೇ ಜನ ಇರ್ಬೇಕು ಅಂತ ಕೋರಂ ಏನೂ ಬೇಕಿಲ್ಲ. ನಾಲ್ಕು ಜನ ಇದ್ರೂ ಸಭೆ ಸಭೆನೇ. ಜನ ಮುಕ್ತವಾಗಿ ಮಾತಾಡೋ ವಾತಾವರಣ ಆ ಊರಲ್ಲಿ ಇಲ್ಲ ಅನ್ನಿಸಿದ್ರೆ ಸಭೆನೇ ಬೇಡ ಅಂತ ತೀರ್ಮಾನ ಮಾಡೋ ಅಧಿಕಾರವನ್ನೂ ಅದರಲ್ಲೇ ಇಟ್ಟಿದ್ದಾರೆ.

ಮುಖ್ಯ ಗಂಟು ಇರೋದು ಇಲ್ಲಿ: ಆ ವೇದಿಕೆ ಮೇಲೆ ಕೂತವರಿಗೆ ಹೌದು ಅಥವಾ ಬೇಡ ಅನ್ನೋ ಅಧಿಕಾರ ಇಲ್ಲ. ಡಿಸಿ ಕೇಳಿಸ್ಕೊಂಡು ಸಹಿ ಹಾಕಿ ಕಳಿಸ್ತಾರೆ ಅಷ್ಟೇ. ದೊಡ್ಡ ಯೋಜನೆ ಆದ್ರೆ ದೆಹಲಿಯ ತಜ್ಞರ ಸಮಿತಿಗೆ, ಚಿಕ್ಕದಾದ್ರೆ ಬೆಂಗಳೂರಲ್ಲಿರೋ ರಾಜ್ಯ ಪ್ರಾಧಿಕಾರಕ್ಕೆ. ಅವರು ಜನ ಹೇಳಿದ್ದನ್ನ ಪರಿಗಣಿಸ್ಬೇಕು, ಒಪ್ಪಬೇಕು ಅಂತಿಲ್ಲ. ಸುಮ್ನೆ ಸಭೆ ಆಗಿದೆ ಅಂತ ಬರೆದ್ರೆ ಸಾಲಲ್ಲ, ಆಕ್ಷೇಪಣೆ ಯಾಕೆ ಒಪ್ಪಿಲ್ಲ ಅಂತ ಕಾರಣ ಕೊಡ್ಬೇಕು ಅಂತ ದೆಹಲಿ ಹೈಕೋರ್ಟು 2009ರಲ್ಲಿ ಗೋವಾದ ಗಣಿ ಕೇಸಲ್ಲಿ ಹೇಳಿತ್ತು. ಆದ್ರೂ ಊರವರಿಗೆ ಇದು ಓಟು, ಫೈಲಿಗೆ ಇದು ಒಂದು ಟಿಕ್ ಮಾರ್ಕ್. 2018ರ ಡಿಸೆಂಬರ್‌ನಲ್ಲಿ ಕೈಗಾ 5 ಮತ್ತು 6ನೇ ಘಟಕಕ್ಕೆ ಸಭೆ ಆದಾಗ ವಿರೋಧ ಮಾಡೋಕೆ ಬಂದ ಜನ ಸಾವಿರಗಟ್ಲೆ, ಮುಂದಿನ ವರ್ಷ ಪರಿಸರ ಅನುಮತಿ ಸಿಕ್ತು. ಯಾವ ನಿಯಮಾನೂ ಮುರಿದಂಗಾಗ್ಲಿಲ್ಲ.

ಓಟು ಅಂತಾನೇ ನಡೆದ ಕಡೆನೂ ಇದೆ, ಆದ್ರೆ ಅದು ಬೇರೆ ಕಾನೂನು. ಒಡಿಶಾದ ನಿಯಮಗಿರಿ ಬೆಟ್ಟದ ಬಾಕ್ಸೈಟ್ ಗಣಿಗೆ 2013ರಲ್ಲಿ ಸುಪ್ರೀಂ ಕೋರ್ಟು ಗ್ರಾಮಸಭೆನೇ ತೀರ್ಮಾನ ಮಾಡ್ಲಿ ಅಂತು, ಹನ್ನೆರಡಕ್ಕೆ ಹನ್ನೆರಡು ಗ್ರಾಮಸಭೆ ಬೇಡ ಅಂದ್ವು, ಗಣಿ ನಿಂತಿತು. ಅದು ಅರಣ್ಯ ಹಕ್ಕು ಕಾಯ್ದೆ ಕೆಳಗೆ. ನಮ್ಮ ಜನ ಎರಡನ್ನೂ ಒಂದೇ ಅನ್ಕೊಂಡು ಆಲಿಕೆ ಸಭೆಗೆ ಬರ್ತಾರೆ, ತಪ್ಪು ಅವರದ್ದಲ್ಲ, 'ನಿಮ್ಮ ಅಭಿಪ್ರಾಯವೇ ಅಂತಿಮ' ಅನ್ನೋ ಥರ ಮಾತಾಡೋ ಪುಢಾರಿಗಳು ಎಲ್ಲಾ ಪಕ್ಷದಲ್ಲೂ ಇರ್ತಾರೆ.

ನಾನೂ ಕರಾವಳೀಲಿ ಒಂದು ಸಭೆಗೆ ಹೋಗಿದ್ದೆ, ಹತ್ತು ವರ್ಷದ ಮೇಲಾಯ್ತು. ಯಾವ ಕಂಪನಿ, ಯಾವೂರು ಅಂತ ಬೇಡ. ಹೈಸ್ಕೂಲ್ ಮೈದಾನ, ಶಾಮಿಯಾನ, ಹತ್ತೂವರೆಗೆ ಸಭೆ ಅಂದ್ರೆ ಒಂಬತ್ತಕ್ಕೇ ಎರಡು ಬಸ್ ಬಂದು ಮುಂದಿನ ಐದಾರು ಸಾಲು ತುಂಬಿತ್ತು, ಬಸ್ಸಲ್ಲಿ ಬಂದವರ ಜೇಬಲ್ಲಿ ಊಟದ ಕೂಪನ್. ಊರವರು ಗದ್ದೆ ಕೆಲ್ಸ ಹಾಲು ಡೈರಿ ಮುಗಿಸಿ ಬರೋ ಹೊತ್ತಿಗೆ ಕುರ್ಚಿ ಇಲ್ಲ, ಬಿಸಿಲಲ್ಲಿ ನಿಂತ್ರು. ಟೇಬಲ್ ಮೇಲೆ ವರದಿ ಇಟ್ಟಿದ್ರು, ದಪ್ಪನೆ ಇಂಗ್ಲಿಷ್ ಪುಸ್ತಕ, ಪಕ್ಕದಲ್ಲಿ ಇಪ್ಪತ್ತು ಪುಟದ ಕನ್ನಡ ಸಾರಾಂಶ. ಸಾರಾಂಶದಲ್ಲಿ 'ರಾಶಿಯ ಎತ್ತರ' ಇಷ್ಟು ಮೀಟರ್ ಅಂತಿತ್ತು. ನಮ್ಮ ಕಡೆ ರಾಶಿ ಅಂದ್ರೆ ಒಂದೋ ಅಡಿಕೆ ರೇಟು, ಇಲ್ಲಾ 'ರಾಶಿ ಜನ' ಅಂದಂಗೆ ತುಂಬಾ ಅಂತ. ಇದ್ಯಾವ ರಾಶಿ ಅಂತ ತಲೆ ಕೆರ್ಕೊಂಡು ಕೊನೆಗೆ ಇಂಗ್ಲಿಷ್ ಪುಟ ತೆಗೆದು ನೋಡಿದ್ರೆ, ಹೊಗೆ ಚಿಮಣಿಗೆ ಇಂಗ್ಲಿಷಲ್ಲಿ ಸ್ಟ್ಯಾಕ್ ಅಂತಾರಲ್ಲ, ಅದನ್ನ ಡಿಕ್ಷನರಿ ನೋಡಿ ರಾಶಿ ಮಾಡಿಬಿಟ್ಟಿದ್ರು.

ಅವತ್ತು ಒಬ್ರು ಅಜ್ಜ ಮಾತಾಡಿದ್ರು. ಏಪ್ರಿಲ್ ಮೊದಲ ವಾರದವರೆಗೆ ನಮ್ಮ ಬಾವಿ ನೀರು ಸಿಹಿ, ಆಮೇಲೆ ಉಪ್ಪು ಹತ್ತುತ್ತೆ, ನೀವು ಹತ್ತಿರದಲ್ಲೇ ಬೋರ್ ಹೊಡೆದು ದಿನಾ ನೀರೆತ್ತಿದ್ರೆ ಉಪ್ಪು ಯಾವ ತಿಂಗಳಿಗೆ ಬರುತ್ತೆ ಹೇಳಿ ಅಂದ್ರು. ಇಷ್ಟು ನೇರವಾದ ಪ್ರಶ್ನೆ ಆ ದಪ್ಪ ವರದೀಲೂ ಇರ್ಲಿಲ್ಲ. ಮೂರು ನಿಮಿಷ ಆಯ್ತು, ಮುಂದಿನವರು ಬನ್ನಿ ಅಂತ ಮೈಕ್ ಇಸ್ಕೊಂಡ್ರು. ನಾಲ್ಕೈದು ವಾರ ಬಿಟ್ಟು ಪಂಚಾಯ್ತಿ ಬೋರ್ಡಲ್ಲಿ ನಡಾವಳಿ ನೋಡಿದೆ. ಅಜ್ಜನ ಹೆಸರಿನ ಮುಂದೆ 'ಕುಡಿಯುವ ನೀರಿನ ಬಗ್ಗೆ ಪ್ರಸ್ತಾಪಿಸಿದರು', ಅದರ ಪಕ್ಕದ ಕಾಲಂನಲ್ಲಿ 'ಗಮನಿಸಲಾಗಿದೆ'. ಏಪ್ರಿಲ್ ಇಲ್ಲ, ಉಪ್ಪಿಲ್ಲ, ಬಾವಿನೂ ಇಲ್ಲ.

ಅಧಿಕಾರಿಗಳದ್ದೂ ಒಂದು ಪಾಡಿದೆ ಅನ್ನಿ. ಬೆಳಗ್ಗಿಂದ ಸಂಜೆವರೆಗೆ ಬೈಸ್ಕೊಳ್ಳೋಕೆ ಅಂತಾನೇ ಕೂತಿರ್ತಾರೆ, ಉತ್ರ ಕೊಡ್ಬೇಕಾದ್ದು ಬೇರೆಯವ್ರು, ತೀರ್ಮಾನ ಮಾಡೋದು ಇನ್ನೂ ಬೇರೆಯವ್ರು. ಬಸ್ಸಲ್ಲಿ ಬಂದವರನ್ನೂ ಪೂರ್ತಿ ತಳ್ಳಿಹಾಕೋಕಾಗಲ್ಲ, ಅವರಲ್ಲಿ ಕೆಲವು ಹುಡುಗ್ರು ನಿಜವಾಗ್ಲೂ ಕೆಲ್ಸ ಸಿಗುತ್ತೆ ಅಂತ ನಂಬಿದ್ರು, ಐಟಿಐ ಮಾಡ್ಕೊಂಡು ಮನೇಲಿ ಕೂತಿದ್ರು. ತೊಂದ್ರೆ ಏನಂದ್ರೆ ಸಭೆ ಬರೋ ಹೊತ್ತೇ ತಡ. ಜಾಗ ಗುರುತಾಗಿ, ವರದಿ ರೆಡಿಯಾಗಿ (ವರದಿ ಬರೆಯೋ ಕನ್ಸಲ್ಟೆಂಟಿಗೆ ದುಡ್ಡು ಕೊಡೋದೂ ಯೋಜನೆಯವ್ರೇ), ಎಷ್ಟೋ ಸಲ ಟೆಂಡರ್ರೂ ಆದ್ಮೇಲೆ ಜನರ ಹತ್ರ ಬರ್ತಾರೆ. ಶರಾವತಿ ಯೋಜನೇನೇ ನೋಡಿ, ಮೇಲೆ ತಳಕಳಲೆ ಜಲಾಶಯ, ಕೆಳಗೆ ಗೇರುಸೊಪ್ಪ ಜಲಾಶಯ, ಮಧ್ಯೆ ಸಿಂಗಳೀಕ ಅಭಯಾರಣ್ಯದ ನೆಲದಡಿ ಸುರಂಗ, 2000 ಮೆಗಾವ್ಯಾಟ್. ರಾತ್ರಿ ಆಗ್ಲಿ ಮಧ್ಯಾಹ್ನ ಆಗ್ಲಿ ಕರೆಂಟು ಮಿಕ್ಕಾಗ ನೀರೆತ್ತಿ, ಡಿಮ್ಯಾಂಡ್ ಇದ್ದಾಗ ಬಿಡೋದು. ಎತ್ತೋಕೆ ಬೇಕಾಗೋ ಕರೆಂಟು ಬರೋ ಕರೆಂಟಿಗಿಂತ ಜಾಸ್ತಿನೇ, ಆದ್ರೂ ಸೋಲಾರ್ ಕಾಲದಲ್ಲಿ ಇದು ಬ್ಯಾಟರಿ ಥರ ಬೇಕೇ ಬೇಕು ಅಂತ ವಾದ. ಆ ವಾದ ಸುಳ್ಳಲ್ಲ. ಆದ್ರೆ ಆ ಬ್ಯಾಟರಿ ಇಲ್ಲೇ ಇಡ್ಬೇಕಾ, ಬೇರೆ ಕಡೆ ಆಗಲ್ವಾ ಅಂತ ಕೇಳೋ ಹೊತ್ತು ಟೆಂಡರ್‌ಗಿಂತ ಮುಂಚೆ ಇತ್ತು.

ಭಾಷೆ ವಿಷಯ ದೊಡ್ಡದಾಗಿದ್ದು 2020ರಲ್ಲಿ. ಲಾಕ್‌ಡೌನ್ ಮಧ್ಯೆ ಹೊಸ ಇಐಎ ಕರಡು ಬಂತು, ಅದರಲ್ಲಿ ನೋಟಿಸಿನ ಅವಧಿ ಮೂವತ್ತರಿಂದ ಇಪ್ಪತ್ತು ದಿನಕ್ಕೆ ಇಳಿಸೋ ಪ್ರಸ್ತಾಪ ಇತ್ತು. ದೇಶದ ಜನರ ಅಭಿಪ್ರಾಯ ಕೇಳಿದ ಆ ಕರಡು ಇದ್ದಿದ್ದು ಇಂಗ್ಲಿಷ್ ಹಿಂದೀಲಿ. ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗೂ ಅನುವಾದ ಮಾಡಿ ಅಂತ ದೆಹಲಿ ಹೈಕೋರ್ಟು ಜೂನ್ 30ಕ್ಕೆ ಹೇಳ್ತು, ಆಗಸ್ಟ್ 5ಕ್ಕೆ ನಮ್ಮ ಹೈಕೋರ್ಟು ಅಂತಿಮ ಅಧಿಸೂಚನೆಗೆ ತಡೆ ಕೊಟ್ತು. ಲಕ್ಷಗಟ್ಲೆ ಆಕ್ಷೇಪಣೆ ಹೋದ್ವು, ಕರಡು ಹಂಗೇ ಬಿದ್ದುಹೋಯ್ತು. ಆದ್ರೆ ಅದರಲ್ಲಿದ್ದ ಕೆಲವು ಸಂಗತಿ ಬೇರೆ ಬೇರೆ ತಿದ್ದುಪಡಿ, ಸುತ್ತೋಲೆ ರೂಪದಲ್ಲಿ ಹಿಂದಿನ ಬಾಗಿಲಿಂದ ಬಂದ್ವು ಅಂತ ಪರಿಸರದವರ ದೂರು.

ಬೆಂಗಳೂರಿನವರು ಇದೆಲ್ಲ ಕಾಡಿನ ಕಡೆ ಗಲಾಟೆ ಅನ್ಕೋಬಾರ್ದು. ಇಐಎ ಪಟ್ಟೀಲಿ ಫ್ಲೈಓವರ್ ಅಂತ ಹೆಸರು ಹಿಡಿದು ಎಲ್ಲೂ ಇಲ್ಲ. 2016ರಲ್ಲಿ ಬಸವೇಶ್ವರ ಸರ್ಕಲ್ಲಿಂದ ಹೆಬ್ಬಾಳಕ್ಕೆ 1,791 ಕೋಟಿಯ ಸ್ಟೀಲ್ ಫ್ಲೈಓವರ್ ಅಂದಾಗ ಆಲಿಕೆ ಸಭೆ ನಡೀಲೇ ಇಲ್ಲ, ಜನ ರಸ್ತೇಲಿ ಕೈ ಕೈ ಹಿಡ್ಕೊಂಡು ನಿಂತಿದ್ದೇ ಸಭೆ. 2017ರ ಮಾರ್ಚಲ್ಲಿ ಸರ್ಕಾರ ಕೈಬಿಡ್ತು. ಪೆರಿಫೆರಲ್ ರಿಂಗ್ ರೋಡ್ ಕೇಸಲ್ಲಿ ಮೊದಲು ಕೆಲವು ನೂರು ಮರ ಅಂದಿದ್ದು ಆಮೇಲೆ 16,785 ಆಯ್ತು, 2020ರ ಮಾರ್ಚಲ್ಲಿ ಸುಪ್ರೀಂ ಕೋರ್ಟು ಅಧ್ಯಯನನೇ ಹೊಸದಾಗಿ ಮಾಡಿ ಅಂತು. ದೇವನಹಳ್ಳಿ ಚನ್ನರಾಯಪಟ್ಟಣದ 1,777 ಎಕರೆ ಭೂಸ್ವಾಧೀನ 2025ರ ಜುಲೈನಲ್ಲಿ ಕೈಬಿಟ್ಟಿದ್ದೂ ಮೂರು ವರ್ಷದ ಧರಣಿಯಿಂದ, ಯಾವ ಆಲಿಕೆ ಸಭೆಯಿಂದಾನೂ ಅಲ್ಲ.

ಈಗ ಸಭೆ ಮುಗಿದ ಊರವರು ಏನು ಮಾಡ್ಬೇಕು ಅಂತ ಕೇಳೋರಿಗೆ ಇಷ್ಟು. ಬಾಯಲ್ಲಿ ಹೇಳಿದ್ದನ್ನ ಬರೆದೂ ಕೊಟ್ಟಿದ್ರೆ ಸ್ವೀಕೃತಿ ಸೀಲ್ ಹಾಕಿಸಿದ ಕಾಪಿ ಇಟ್ಕೊಳ್ಳಿ. ನಡಾವಳಿ ಪಂಚಾಯ್ತೀಲಿ ಅಂಟಿಸಿದ ದಿನಾನೇ ಫೋಟೋ ತಗೊಳ್ಳಿ, ನೀವು ಹೇಳಿದ್ದು ಅದರಲ್ಲಿ ಹೆಂಗೆ ಬಂದಿದೆ ನೋಡಿ. ಫೈಲ್ ಎಲ್ಲಿಗೆ ಬಂತು ಅಂತ ಕೇಂದ್ರ ಪರಿಸರ ಇಲಾಖೆಯ ಪರಿವೇಶ್ ಪೋರ್ಟಲ್ಲಲ್ಲಿ ಸಿಗುತ್ತೆ, ಇಂಗ್ಲಿಷಲ್ಲಿದೆ, ಮನೇಲಿ ಕಾಲೇಜ್ ಹೋಗೋ ಮಕ್ಕಳಿದ್ರೆ ಕೂರಿಸ್ಕೊಂಡು ನೋಡ್ಬಹುದು. ಅನುಮತಿ ಸಿಕ್ಕಿದ್ರೆ ಯೋಜನೆಯವರು ಏಳು ದಿನದೊಳಗೆ ಎರಡು ಪೇಪರಲ್ಲಿ ಜಾಹೀರಾತು ಹಾಕ್ಬೇಕು, ಒಂದು ಕನ್ನಡದ್ದು, ಸಾಮಾನ್ಯವಾಗಿ ಟೆಂಡರ್ ನೋಟಿಸುಗಳ ಮಧ್ಯೆ ಚಿಕ್ಕ ಅಕ್ಷರದಲ್ಲಿರುತ್ತೆ. ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕೋಕೆ ಇರೋದು ಮೂವತ್ತು ದಿನ, ಸರಿಯಾದ ಕಾರಣ ಕೊಟ್ರೆ ಇನ್ನೊಂದು ಅರವತ್ತು, ಅದಾದ್ಮೇಲೆ ಬಾಗಿಲು ಮುಚ್ಚುತ್ತೆ. ನಮ್ಮ ಪೀಠ ಇರೋದು ಚೆನ್ನೈನಲ್ಲಿ. ಆ ಜಾಹೀರಾತು ಬಂದ ಪೇಪರನ್ನ ಮಾತ್ರ ರದ್ದಿಗೆ ಹಾಕ್ಬೇಡಿ, ತಾರೀಖು ಸಮೇತ ಎತ್ತಿಡಿ.