ಡ್ರಮ್ಮರ್‌ಗೆ ಪಾಲು ಎಷ್ಟು?

ಬ್ಯಾಂಡ್ ಕಟ್ಟಿದ ಹುಡುಗರು ವಕೀಲರ ಹತ್ತಿರ ಬರುವುದು ಜಗಳ ಆದ ಮೇಲೆಯೇ. ಪಾಲಿನ ಬಗ್ಗೆ ಏನಾದರೂ ಬರೆದುಕೊಂಡಿದ್ದೀರಾ ಅಂದರೆ, ‘ನಾವೆಲ್ಲ ಫ್ರೆಂಡ್ಸ್ ಅಲ್ವಾ ಮೇಡಂ? ಹಾಡು ಮಾಡಿದವನಿಗೆ ಜಾಸ್ತಿ ಅಂತ ಎಲ್ಲರಿಗೂ ಗೊತ್ತು’ ಎನ್ನುತ್ತಾರೆ. ಇದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ.

ಮ್ಯಾಂಚೆಸ್ಟರಿನ ದಿ ಸ್ಮಿತ್ಸ್ ಬ್ಯಾಂಡನ್ನು ನೋಡಿ. 1982ರಲ್ಲಿ ಶುರುವಾಗಿ 1987ರಲ್ಲಿ ಒಡೆದುಹೋಯಿತು. ಅಷ್ಟರಲ್ಲಿ ನಾಲ್ಕು ಆಲ್ಬಂ ಮಾಡಿದ್ದರು. ಮುಂದಿನ ಎಷ್ಟೋ ಇಂಗ್ಲಿಷ್ ಬ್ಯಾಂಡುಗಳು ಇವರನ್ನು ಕೇಳಿಯೇ ಬೆಳೆದವು. ಮ್ಯಾನೇಜರುಗಳು ಮಾತ್ರ ಒಬ್ಬರೂ ನಿಲ್ಲುತ್ತಿರಲಿಲ್ಲ. ಆ ಹೊರೆಯನ್ನೂ ಹೊತ್ತು ಸುಸ್ತಾದ ಗಿಟಾರಿಸ್ಟ್ ಜಾನಿ ಮಾರ್ ಬಿಟ್ಟು ಹೊರಟಾಗ ಅವರಿಗೆ ಬರೀ 23 ವರ್ಷ. ಪಾಪ ಅನಿಸುತ್ತದೆ.

ಸಾಹಿತ್ಯ ಗಾಯಕ ಮಾರಿಸ್ಸಿಯದು, ಸಂಗೀತ ಮಾರ್‌ದು. ರಫ್ ಟ್ರೇಡ್ ಕಂಪನಿಯ ಕರಾರಿಗೂ ಇವರಿಬ್ಬರದೇ ಸಹಿ. ಬಾಸ್ ನುಡಿಸುವ ಆಂಡಿ ರೋರ್ಕ್‌ಗೆ, ಡ್ರಮ್ಮರ್ ಮೈಕ್ ಜಾಯ್ಸ್‌ಗೆ ತಲಾ ಶೇ. 10 ಸಿಗುತ್ತಿತ್ತು. ಇಬ್ಬರೂ ಕೇಸು ಹಾಕಿದರು. ಸಾಲದಲ್ಲಿದ್ದ ರೋರ್ಕ್ 83,000 ಪೌಂಡ್ ಮತ್ತು ಅದೇ ಶೇ. 10ಕ್ಕೆ ರಾಜಿಯಾದರು. ಜಾಯ್ಸ್ ಪಟ್ಟು ಬಿಡಲಿಲ್ಲ. 1996ರ ಡಿಸೆಂಬರಿನಲ್ಲಿ ಹೈಕೋರ್ಟ್ ಅವರಿಗೆ ಶೇ. 25 ಕೊಟ್ಟಿತು. ಬಾಕಿ ಹಣವೇ ಹತ್ತಿರ ಹತ್ತಿರ 10 ಲಕ್ಷ ಪೌಂಡ್. 1998ರಲ್ಲಿ ಮಾರಿಸ್ಸಿಯ ಮೇಲ್ಮನವಿಯೂ ಬಿದ್ದುಹೋಯಿತು.

ಹಾಗಾದರೆ ಡ್ರಮ್ಮರ್‌ಗೂ ಹಾಡಿನ ರಾಯಲ್ಟಿ ಸಿಕ್ಕಿತಾ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲ! ಜಾಯ್ಸ್ ಅದನ್ನು ಕೇಳಲೇ ಇಲ್ಲ. ಹಾಡು ರಚಿಸಿದ್ದಕ್ಕೆ ಬರುವ ಹಣ ಮಾರಿಸ್ಸಿ ಮತ್ತು ಮಾರ್‌ಗೇ ಉಳಿಯಿತು. ಜಗಳ ಇದ್ದದ್ದು ರೆಕಾರ್ಡಿಂಗ್ ಮತ್ತು ಕಾರ್ಯಕ್ರಮಗಳಿಂದ ಬಂದ ಹಣದ ಮೇಲೆ. ಎರಡೂ ಬೇರೆ ಬೇರೆ ಡಬ್ಬಿ. ಮೊದಲನೆಯದು ಹಾಡು ಮಾಡಿದವರದು. ಎರಡನೆಯದು ಪಾಲುದಾರರೆಲ್ಲರದು, ಮತ್ತು ಬೇರೆ ಒಪ್ಪಂದ ಇತ್ತು ಎಂದು ಸಾಬೀತಾಗದಿದ್ದರೆ ಸಮಪಾಲು. ಅಲ್ಲಿ 1890ರ ಪಾಲುದಾರಿಕೆ ಕಾಯ್ದೆ ಹೇಳುವುದು ಅದನ್ನೇ. ನಮ್ಮ 1932ರ ಕಾಯ್ದೆಯ 13ನೇ ಸೆಕ್ಷನ್ ಕೂಡ ಹಾಗೇ ಇದೆ. ಯಾರು ಹೆಚ್ಚು ದುಡಿದರು, ಯಾರ ಮುಖ ಪೋಸ್ಟರಿನಲ್ಲಿತ್ತು ಎಂದು ಅದು ತೂಗುವುದಿಲ್ಲ.

ಒಂದು ಎಚ್ಚರಿಕೆ. ದಿನಕ್ಕಿಷ್ಟು ಎಂದು ಸಂಬಳಕ್ಕೆ ನುಡಿಸುವವರು ಸಾಮಾನ್ಯವಾಗಿ ಪಾಲುದಾರರಲ್ಲ. ಬಾಯಿಮಾತಿನ ಒಪ್ಪಂದಕ್ಕೂ ಬೆಲೆ ಇದೆ, ಆದರೆ ಒಂಬತ್ತು ಹತ್ತು ವರ್ಷ ಆದ ಮೇಲೆ ಅದನ್ನು ಸಾಬೀತು ಮಾಡುವುದು ಬಹಳ ಕಷ್ಟ. ಅದಕ್ಕೇ ಮೊದಲ ಶೋಗೆ ಮುಂಚೆಯೇ ಪ್ರತಿ ಡಬ್ಬಿಯಲ್ಲಿ ಯಾರಿಗೆಷ್ಟು ಎಂದು ಬರೆದು ಎಲ್ಲರೂ ಸಹಿ ಹಾಕಿ. ಹೊಸಬರು ಸೇರಿದ ದಿನ ಮತ್ತೆ ಬರೆಯಿರಿ.