ಎಷ್ಟು ಹಸು ಅನ್ನೋದನ್ನು ಹುಲ್ಲೇ ಹೇಳುತ್ತಿತ್ತು

ವೈಕಿಂಗ್ ಅಂದ ಕೂಡಲೇ ಹಡಗು, ಕೊಡಲಿ, ಲೂಟಿ ನೆನಪಾಗುತ್ತದೆ, ಅಲ್ವಾ? ಪಶುವೈದ್ಯನಾದ ನನಗೆ ಅವರ ಕೊಟ್ಟಿಗೆ ಮೇಲೇ ಕುತೂಹಲ ಜಾಸ್ತಿ. ಸ್ಕ್ಯಾಂಡಿನೇವಿಯಾ ಮೂಲದ ಆ ನಾರ್ಸ್ ಜನರಲ್ಲಿ ಹೆಚ್ಚಿನವರು ದನ, ಕುರಿ ಸಾಕಿಕೊಂಡಿದ್ದ ರೈತರು.

ಗ್ರೀನ್‌ಲ್ಯಾಂಡನ್ನೇ ತಗೊಳ್ಳಿ. 985ರ ಸುಮಾರಿಗೆ ಎರಿಕ್ ದಿ ರೆಡ್ ಅನ್ನೋ ನಾಯಕನ ಜೊತೆ ಐಸ್‌ಲ್ಯಾಂಡಿನಿಂದ ಹೊರಟವರು ಹಸು, ಕುರಿ, ಆಡುಗಳನ್ನೂ ಹಡಗಿನಲ್ಲಿ ಸಾಗಿಸಿದರು. ಅಲ್ಲಿ ಬೇಸಿಗೆ ತೀರಾ ಚಿಕ್ಕದು. ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಲ ಹಸುವನ್ನು ಒಳಗೇ ಕಟ್ಟಿ ಮೇವು ಹಾಕಬೇಕು. ಆದ್ದರಿಂದ ಬೇಸಾಯ ಅಂದರೆ ಮುಖ್ಯವಾಗಿ ಹುಲ್ಲು ಬೆಳೆಯೋದೇ. ಮನೆ ಪಕ್ಕದ ಹುಲ್ಲುಗದ್ದೆಗೆ ಗೊಬ್ಬರ ಹಾಕುತ್ತಿದ್ದರು. ಬಿಷಪ್ ಇದ್ದ ಗಾರ್ದರ್‌ನಲ್ಲಂತೂ ಕಾಲುವೆ ತೋಡಿ ನೀರು ಹಾಯಿಸಿದ್ದರು. ಬೇಸಿಗೆಯಲ್ಲಿ ದನಕರುಗಳನ್ನು ದೂರದ ಗುಡ್ಡಕ್ಕೆ ಹೊಡೆದು, ಅಲ್ಲೇ ಹಾಲು ಕರೆದು, ಬೆಣ್ಣೆ ತೆಗೆದು, ಸ್ಕಿರ್ ಅನ್ನೋ ಗಟ್ಟಿ ಮೊಸರು ಮಾಡುತ್ತಿದ್ದರು; ಮನೆ ಹತ್ತಿರದ ಹುಲ್ಲು ಹಸಿಯಾಗಿದ್ದಾಗಲೇ ಖಾಲಿಯಾಗಬಾರದಲ್ಲ.

ಶರತ್ಕಾಲದಲ್ಲಿ ಬಣವೆ ನೋಡಿ, ಇಷ್ಟು ಹುಲ್ಲಿಗೆ ಎಷ್ಟು ಬಾಯಿ ಅಂತ ಲೆಕ್ಕ ಹಾಕಬೇಕು. ಮಿಕ್ಕ ದನಗಳನ್ನು ಕಡಿಯಲೇಬೇಕು. ಲೆಕ್ಕ ತಪ್ಪಿದರೆ ಏನಾಗುತ್ತದೆ ಅಂತ ನಮ್ಮ ವೃತ್ತಿಯವರಿಗೆ ಗೊತ್ತು. ಬಲಿತು ಒಣಗಿದ ಹುಲ್ಲಿನಲ್ಲಿ ಪ್ರೋಟೀನ್ ಕಡಿಮೆ. ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳಿಗೆ ಅದು ಸಾಲದು, ಹುಲ್ಲು ನಿಧಾನವಾಗಿ ಕರಗುತ್ತದೆ, ಆದ್ದರಿಂದ ಮುಂದೆ ರಾಶಿ ಹಾಕಿದರೂ ಹಸು ಹೆಚ್ಚು ತಿನ್ನಲಾರದು. ಗಬ್ಬದ ಹಸುವಾದರೆ ಕೊನೆಯ ಮೂರು ತಿಂಗಳು ಹೊಟ್ಟೆಯ ಕರುವಿಗೂ ಕೊಡಬೇಕು. ಆಗ ಹಸು ತನ್ನ ಕೊಬ್ಬು, ಮಾಂಸವನ್ನೇ ಕರಗಿಸಿಕೊಳ್ಳುತ್ತದೆ. ಉತ್ತರದ ಆ ಸೀಮೆಯಲ್ಲಿ ವಸಂತ ಬಂದಾಗ ಏಳಲಾರದ ಹಸುಗಳನ್ನು ಹೊತ್ತು ಹೊರಗೆ ತಂದು ಮೇಯಲು ಬಿಡುತ್ತಿದ್ದರಂತೆ. ನನಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. (ಬಡಕಲು ಹಸುವಿಗೆ ಒಮ್ಮೆಲೇ ಎಳೆ ಹುಲ್ಲು ಸಿಕ್ಕರೂ ಅಪಾಯವೇ, ರಕ್ತದಲ್ಲಿ ಮೆಗ್ನೀಸಿಯಂ ಕುಸಿದು ಸೆಳೆತ ಬರಬಹುದು.)

ಜನರ ಕಣಜವೂ ಅದೇ ಹೊತ್ತಿಗೆ ಬರಿದಾಗುತ್ತಿತ್ತು. ಅಷ್ಟರಲ್ಲಿ ವಲಸೆ ಬರುವ ಸೀಲ್ ಅನ್ನೋ ಸಮುದ್ರ ಪ್ರಾಣಿಗಳು ಕೈಹಿಡಿಯುತ್ತಿದ್ದವು. ಆ ಜನರ ಮೂಳೆಗಳ ರಾಸಾಯನಿಕ ಪರೀಕ್ಷೆ ಹೇಳೋದೂ ಇದನ್ನೇ: ಕಾಲ ಸರಿದಂತೆ ಊಟದಲ್ಲಿ ಸಮುದ್ರದ ಪಾಲು ಹೆಚ್ಚುತ್ತಾ ಹೋಯಿತು.

ಆಡು, ಕುರಿ ಗಿಡಗಂಟಿ ಕಡಿದುಕೊಂಡಾದರೂ ಬದುಕುತ್ತವೆ, ಸಣ್ಣ ರೈತರು ಅವನ್ನೇ ಹೆಚ್ಚು ನೆಚ್ಚಿಕೊಂಡರು. ಗಾರ್ದರ್‌ನ ಕೊಟ್ಟಿಗೆಗಳಲ್ಲಿ ಮಾತ್ರ ಸುಮಾರು 100 ಹಸುಗಳಿಗೆ ಜಾಗವಿತ್ತು. ಅಷ್ಟು ಹಸು ಕಟ್ಟಿದ್ದು ಹಾಲಿಗಷ್ಟೇ ಅಲ್ಲ, ದೊಡ್ಡಸ್ತಿಕೆಗೂ ಇರಬೇಕು ಅಂತ ನನ್ನ ಗುಮಾನಿ.