ಪಿತ್ತನಾಳದಲ್ಲಿ ಗಾಳಿ ಇದ್ರೆ ಒಳ್ಳೇದಾ ಕೆಟ್ಟದ್ದಾ? ಸ್ಟೆಂಟ್, ಸಿಟಿ, ಮತ್ತೆ ಒಂದಿಷ್ಟು ಗೊಂದಲ

ಪಿತ್ತನಾಳಕ್ಕೆ ಸ್ಟೆಂಟ್ (ಕಟ್ಟಿದ ನಾಳ ತೆರೆದಿಡೋ ಸಣ್ಣ ನಳಿಗೆ) ಹಾಕ್ಸಿಕೊಂಡವರಿಗೆ ಚಳಿ ಜ್ವರ ಬಂತು, ಕಣ್ಣು ಮತ್ತೆ ಹಳದಿ ಆಯ್ತು ಅಂದ್ರೆ ಈಗ ಸಾಮಾನ್ಯವಾಗಿ ಕೇಳಿಬರೋ ಮಾತು "ಒಂದು ಸಿಟಿ ಸ್ಕ್ಯಾನ್ ಮಾಡ್ಸಿಬಿಡಿ". ರಿಪೋರ್ಟಲ್ಲಿ 'ನ್ಯೂಮೋಬಿಲಿಯಾ' ಅಂತಿರತ್ತೆ, ಮನೆಯವರು ಗೂಗಲ್ ಮಾಡಿ ಗಾಬರಿ ಬೀಳ್ತಾರೆ, ಪಿತ್ತನಾಳದಲ್ಲಿ ಗಾಳಿ ಸೇರಿದ್ಯಂತೆ! ಸ್ಟೆಂಟ್ ಇರೋರಿಗೆ ಅದು ಬಹುಪಾಲು ಸಮಾಧಾನದ ಸುದ್ದಿ ಕಣ್ರೀ.

ಸ್ಟೆಂಟೂ ಸಿಟಿಯೂ ಹೆಚ್ಚುಕಮ್ಮಿ ಒಂದೇ ಕಾಲದವು. 1971ರಲ್ಲಿ ಲಂಡನ್ನಿನಲ್ಲಿ ಸಿಟಿ ಕಂಡುಹಿಡಿದ ಇಂಜಿನಿಯರ್ ಹೌನ್ಸ್‌ಫೀಲ್ಡ್ ಮಷೀನಿನಲ್ಲಿ ಮೊದಲ ರೋಗಿಯ ಸ್ಕ್ಯಾನ್ ಆಯ್ತು, ಅದೂ ತಲೇದು. 1979ರಲ್ಲಿ ಅವರಿಗೆ ನೊಬೆಲ್ ಬಂತು, ಅದೇ ಹೊತ್ತಿಗೆ ಹ್ಯಾಂಬರ್ಗಿನಲ್ಲಿ ನಿಬ್ ಸೋಹೆಂದ್ರ ಅನ್ನೋ ವೈದ್ಯರು ಬಾಯಿಂದ ಎಂಡೋಸ್ಕೋಪ್ (ಒಳಗೆ ನೋಡೋ ಉದ್ದ ಕೊಳವೆ) ಇಳಿಸಿ ಪಿತ್ತನಾಳಕ್ಕೆ ಪ್ಲಾಸ್ಟಿಕ್ ನಳಿಗೆ ತೂರಿಸಿದ್ರು. ಅದಕ್ಕೂ ಮುಂಚೆ ಗಡ್ಡೆ ಒತ್ತಿ ಕಾಮಾಲೆ ಆದ್ರೆ ಹೊಟ್ಟೆ ಕುಯ್ದು ಬೈಪಾಸ್ ಮಾಡ್ಬೇಕಿತ್ತು, ಇಲ್ಲಾಂದ್ರೆ ಲಿವರಿಗೆ ಸೂಜಿ ಚುಚ್ಚಿ ಪಕ್ಕೆಯಿಂದ ಚೀಲ ನೇತು ಹಾಕ್ಬೇಕಿತ್ತು.

ಪ್ಲಾಸ್ಟಿಕ್ ನಳಿಗೆ ಬಹಳ ಸಣ್ಣದು, 10 ಫ್ರೆಂಚ್ (ನಳಿಗೆ ದಪ್ಪ ಅಳೆಯೋ ಮಾನ) ಅಂದ್ರೆ ಸುಮಾರು 3.3 ಮಿ.ಮೀ. ತೋಟದ ಡ್ರಿಪ್ ಪೈಪ್ ಕಟ್ಟಿಕೊಳ್ಳೋ ಹಾಗೆ ಇದೂ ಕಟ್ಕೊಳತ್ತೆ: ಬ್ಯಾಕ್ಟೀರಿಯಾ ಒಳಗೋಡೆಗೆ ಲೋಳೆ ಕಟ್ಟತ್ತೆ, ಪಿತ್ತದ ಬಣ್ಣ ಕ್ಯಾಲ್ಸಿಯಂ ಜೊತೆ ಸೇರಿ ಕೆಸರಾಗತ್ತೆ. ಹಾಗಾಗಿ ಸುಮಾರು ಮೂರು ತಿಂಗಳಿಗೆ ಬದಲಾಯಿಸೋದು ರೂಢಿ ಆಯ್ತು. ಬ್ಲಾಕ್ ಆಗಿದ್ಯಾ ಅಂತ ಹುಡುಕೋ ಗೋಜೇ ಕಮ್ಮಿ, ತಾರೀಖು ಬಂತು, ತೆಗೆದು ಬೇರೆ ಹಾಕಿದ್ರು.

80ರ ದಶಕದ ಕೊನೆಗೆ ಮೆಟಲ್ ಸ್ಟೆಂಟ್ ಬಂತು, ಅರಳಿದ್ರೆ 10 ಮಿ.ಮೀ. ಅಗಲ. 1992ರಲ್ಲಿ ಆಮ್‌ಸ್ಟರ್‌ಡ್ಯಾಂನ ವೈದ್ಯರು ಎರಡನ್ನೂ ಹೋಲಿಸಿ ನೋಡಿದಾಗ ಮಧ್ಯಾಂಕದ (ಮೀಡಿಯನ್) ಲೆಕ್ಕದಲ್ಲಿ ಪ್ಲಾಸ್ಟಿಕ್ 126 ದಿನ ತೆರೆದಿತ್ತು, ಮೆಟಲ್ 273 ದಿನ. ನನ್ನ ಪ್ರಕಾರ ಗೊಂದಲ ಶುರುವಾಗಿದ್ದೇ ಇಲ್ಲಿ. ಮೆಟಲ್ಲಿಗೆ ತಾರೀಖಿಲ್ಲ, ಗಡ್ಡೆ ಜಾಲರಿಯೊಳಗೆ ಬೆಳೀಬಹುದು, ತುದಿ ದಾಟಿ ಬೆಳೀಬಹುದು, ಕೆಸರು ತುಂಬಬಹುದು, ಯಾವಾಗ ಅಂತ ಹೇಳೋರು ಯಾರು? ಅಷ್ಟೊತ್ತಿಗೆ ಸಿಟಿ ಮಷೀನುಗಳೂ ಜೋರಾದ್ವು, ಒಂದೇ ಉಸಿರಲ್ಲಿ ಹೊಟ್ಟೆಯೆಲ್ಲಾ ಸ್ಕ್ಯಾನ್, ಸರಿ, ಅದನ್ನೇ ಕೇಳೋಣ ಅಂತಾಯ್ತು.

ಸಿಟಿ ಏನು ನೋಡತ್ತೆ? ಸ್ಟೆಂಟ್ ತೆರೆದಿದ್ರೆ ಕರುಳಿನ ಗಾಳಿ ಅದರ ಮೂಲಕ ಮೇಲೆ ಹತ್ತತ್ತೆ, ಅಂಗಾತ ಮಲಗಿರೋದ್ರಿಂದ ಲಿವರಿನ ಎಡಭಾಗದ ನಾಳಗಳಲ್ಲಿ ಕಪ್ಪಗೆ ಕಾಣತ್ತೆ. ಹಿಂದಿನ ಸ್ಕ್ಯಾನಲ್ಲಿದ್ದ ಗಾಳಿ ಈಗಿಲ್ಲ, ನಾಳಗಳು ಮೊದಲಿಗಿಂತ ಊದಿವೆ, ಸ್ಟೆಂಟೊಳಗೆ ಬೂದು ಬಣ್ಣದ್ದೇನೋ ತುಂಬಿದೆ ಅಂದ್ರೆ ಅನುಮಾನ ಗಟ್ಟಿ. ಆದ್ರೆ ಗಾಳಿ ಇದ್ದೂ ಅರ್ಧ ಕಟ್ಟಿರಬಹುದು, ವರ್ಷಗಟ್ಟಲೆ ಊದಿದ ನಾಳ ಪಿತ್ತ ಇಳಿದ ಮೇಲೂ ಹಾಗೇ ಉಳೀಬಹುದು. ಸ್ಟೀಲ್ ಸ್ಟೆಂಟಾದ್ರೆ ಹೊಳಪಿನ ಗೆರೆ ಬಿದ್ದು ಒಳಗಿಂದು ಮಸುಕಾಗತ್ತೆ, ನಿಟಿನಾಲ್ (ನಿಕ್ಕಲ್-ಟೈಟಾನಿಯಂ ಮಿಶ್ರಲೋಹ) ಆದ್ರೆ ಪರವಾಗಿಲ್ಲ.

ಹಾಗಂತ ಸಿಟಿ ದಂಡ ಅಂತ ಅಲ್ಲ. ಸ್ಟೆಂಟ್ ಜಾರಿದ್ಯಾ, ಗಡ್ಡೆ ಎಲ್ಲಿವರೆಗೆ ಬಂದಿದೆ, ಲಿವರಲ್ಲಿ ಕೀವು ಕಟ್ಟಿದ್ಯಾ, ಡ್ಯುವೋಡಿನಂ (ಸಣ್ಣ ಕರುಳಿನ ಮೊದಲ ಭಾಗ) ಮುಚ್ಚಿದ್ಯಾ, ಇದನ್ನೆಲ್ಲ ಅದರಷ್ಟು ಚೆನ್ನಾಗಿ ಹೇಳೋದು ಅಲ್ಟ್ರಾಸೌಂಡಿಗೆ ಕಷ್ಟ. ಯಾಕೆ, ಎಲ್ಲಿ ಅನ್ನೋದಕ್ಕೆ ಒಳ್ಳೇ ಉತ್ತರ ಕೊಡೋ ಮಷೀನಿಗೆ 'ಬ್ಲಾಕಾ ಅಲ್ವಾ' ಅಂತ ಹೌದು-ಇಲ್ಲ ಪ್ರಶ್ನೆ ಹಾಕಿ ಕೂತಿದ್ದೀವಿ. ಅದಕ್ಕೆ ರಕ್ತ ಪರೀಕ್ಷೆಯಲ್ಲಿ ಸಿಗೋ ಬಿಲಿರುಬಿನ್, ಆಲ್ಕಲೈನ್ ಫಾಸ್ಫಟೇಸ್, ಜೊತೆಗೆ ಜ್ವರ ಇವೇ ಎಷ್ಟೋ ಸಲ ಮೊದಲೇ ಉತ್ತರ ಕೊಟ್ಟಿರ್ತವೆ. ಖಾತ್ರಿ ಆಗೋದು ಎಂಡೋಸ್ಕೋಪ್ ಇಳಿಸಿ ಪಿತ್ತನಾಳದ ಎಕ್ಸ್‌ರೇ ನೋಡೋ ಇಆರ್‌ಸಿಪಿಯಲ್ಲಿ, ಅಲ್ಲೇ ಕೆಸರು ಗುಡಿಸಿ ಇಲ್ಲಾ ಹಳೇ ಮೆಟಲ್ಲೊಳಗೆ ಇನ್ನೊಂದು ಸ್ಟೆಂಟ್ ತೂರಿಸಿ ದಾರಿ ಮಾಡ್ತಾರೆ.

ಇನ್ನು ಹೋಲಿಸೋಕೆ ಹಳೇ ಸ್ಕ್ಯಾನ್ ಬೇಕು. ರೇಡಿಯಾಲಜಿಸ್ಟ್ ಕೇಳೋದೂ ಅದನ್ನೇ, ಅದರ ಸಿಡಿ ಮಾತ್ರ ಮನೇಲಿ ಬೀರುವಿನಲ್ಲಿರತ್ತೆ.